ಕಳಿಸಿದ್ದೆಷ್ಟು, ಉಳಿದದ್ದೆಷ್ಟು: ಶಾರ್ಜಾದಲ್ಲಿ ಆರು ವರ್ಷ ಕಲಿಸಿದ ಬೀದರ್ ಶಿಕ್ಷಕಿಯೊಬ್ಬರ ಲೆಕ್ಕ

ಬೀದರ್‌ನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ಶಿಕ್ಷಕಿಯೊಬ್ಬರು 2018ರ ಏಪ್ರಿಲ್‌ನಲ್ಲಿ ಯುಎಇಯ ಶಾರ್ಜಾಕ್ಕೆ ಹೋದರು. ಅಲ್ಲಿನ ಭಾರತೀಯ ಪಠ್ಯಕ್ರಮದ ಶಾಲೆಯೊಂದರಲ್ಲಿ ಆರು ವರ್ಷ ಕೆಲಸ ಮಾಡಿ 2024ರ ಮಾರ್ಚ್ ಕೊನೆಗೆ ಊರಿಗೆ ಮರಳಿದರು. ಹೋಗುವಾಗ ಅವರಿಗೆ ಮೂವತ್ಮೂರು ವರ್ಷ. ಗಂಡ ಖಾಸಗಿ ಕಾಲೇಜೊಂದರಲ್ಲಿ ಗುಮಾಸ್ತರು, ಮಗನಿಗೆ ಆಗ ಆರು ವರ್ಷ. ನಾನು ಕಲಬುರಗಿಯಲ್ಲಿ ಬ್ಯಾಂಕ್ ನೌಕರಿ ಮಾಡಿ ನಿವೃತ್ತನಾದವನು. ಅವರ ತಂದೆ ನನ್ನ ಹಳೆಯ ಗೆಳೆಯರು. ಅವರ ಲೆಕ್ಕದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಅವಕಾಶ ನನಗೆ ಸಿಕ್ಕಿತು. ಹೆಸರು ಹಾಕಬಾರದೆಂಬ ಒಂದೇ ಷರತ್ತಿನ ಮೇಲೆ ಅವರು ಇದನ್ನು ಬರೆಯಲು ಒಪ್ಪಿದ್ದಾರೆ.

ನಮ್ಮ ಭಾಗದಿಂದ ಕೊಲ್ಲಿ ದೇಶಗಳಿಗೆ ಹೋಗುವವರು ಮೊದಲಿನಿಂದಲೂ ಇದ್ದಾರೆ. ಹೋಗುವ ಮುಂಚೆ ಎಲ್ಲರೂ ಮಾಡುವ ಲೆಕ್ಕ ಒಂದೇ: ಅಲ್ಲಿನ ಸಂಬಳವನ್ನು ಇಲ್ಲಿನ ದರದಿಂದ ಗುಣಿಸುವುದು. ಈ ಶಿಕ್ಷಕಿಗೆ ಬಂದ ನೇಮಕಾತಿ ಪತ್ರದಲ್ಲಿ ತಿಂಗಳಿಗೆ 3,600 ದಿರ್ಹಮ್ ಎಂದಿತ್ತು. ಆಗ ಒಂದು ದಿರ್ಹಮ್‌ಗೆ ಹೆಚ್ಚುಕಡಿಮೆ 18 ರೂಪಾಯಿ, ಅಂದರೆ 64,800 ರೂಪಾಯಿ. ಬೀದರ್‌ನ ಶಾಲೆ ಕೊಡುತ್ತಿದ್ದುದು 22,000. ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಮೂರು ಪಟ್ಟು ಸಂಬಳ, ತೆರಿಗೆ ಇಲ್ಲ ಎಂದ ಮೇಲೆ ಮನೆಯಲ್ಲಿ ಬೇಡವೆನ್ನುವವರು ಯಾರೂ ಇರಲಿಲ್ಲ.

ಆ ಪತ್ರದ ಎರಡನೇ ಪುಟದಲ್ಲಿ ಸಂಬಳವನ್ನು ಮೂರು ಭಾಗ ಮಾಡಿದ್ದರು: ಮೂಲ ವೇತನ 2,000, ವಸತಿ ಭತ್ಯೆ 1,200, ಇತರೆ 400. ಅದನ್ನು ಆಗ ಯಾರೂ ಓದಲಿಲ್ಲ. ಅದರ ಪರಿಣಾಮ ಕಂಡದ್ದು ಆರು ವರ್ಷದ ನಂತರ. ಅದನ್ನು ಮುಂದೆ ಹೇಳುತ್ತೇನೆ.

ಹೋಗುವ ಮುಂಚಿನ ಸಾಲ

ಈ ಪ್ರಕರಣದಲ್ಲಿ ಹಣ ಸೋರಿದ ಮೊದಲ ಜಾಗ ವಿದೇಶದಲ್ಲಿಲ್ಲ, ಇಲ್ಲೇ ಇದೆ. ನೌಕರಿ ಕೊಡಿಸಿದ ಏಜೆಂಟ್ 1,10,000 ರೂಪಾಯಿ ತೆಗೆದುಕೊಂಡ, ರಸೀದಿ ಕೊಡಲಿಲ್ಲ. ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ ಪಡೆಯಬೇಕೆಂದು ಕೇಂದ್ರ ಸರ್ಕಾರದ ವಲಸೆ ನಿಯಮಗಳು ಹೇಳುತ್ತವೆ. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಬಿ.ಎಸ್ಸಿ., ಬಿ.ಎಡ್. ಆದ ಈ ಶಿಕ್ಷಕಿಗೆ ಅದು ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ಪದವಿ ಪ್ರಮಾಣಪತ್ರಗಳಿಗೆ ರಾಜ್ಯ ಸರ್ಕಾರದ, ವಿದೇಶಾಂಗ ಸಚಿವಾಲಯದ, ಆಮೇಲೆ ಯುಎಇ ರಾಯಭಾರ ಕಚೇರಿಯ ಮುದ್ರೆ ಹಾಕಿಸುವುದಕ್ಕೆ ಓಡಾಟವೂ ಸೇರಿ 20,000 ಹೋಯಿತು. ಟಿಕೆಟ್, ಬಟ್ಟೆಬರೆ, ಮೊದಲ ಸಂಬಳ ಬರುವವರೆಗಿನ ಕೈಖರ್ಚು 43,000. ಒಟ್ಟು 1,73,000 ರೂಪಾಯಿಯಲ್ಲಿ 23,000 ಕೈಯಲ್ಲಿತ್ತು, ಉಳಿದ ಒಂದೂವರೆ ಲಕ್ಷವನ್ನು ಪರಿಚಯದವರಿಂದ ನೂರಕ್ಕೆ ಎರಡರ ಬಡ್ಡಿಗೆ ತಂದರು.

ನೂರಕ್ಕೆ ಎರಡು ಎಂದರೆ ಕೇಳುವುದಕ್ಕೆ ಸಣ್ಣದು. ಅದು ತಿಂಗಳಿಗೆ, ವರ್ಷಕ್ಕೆ ನೂರಕ್ಕೆ 24. ಪ್ರತಿ ತಿಂಗಳು 3,000 ರೂಪಾಯಿಯಂತೆ ಹದಿನಾಲ್ಕು ತಿಂಗಳು ಬರೀ ಬಡ್ಡಿ ಕಟ್ಟಿ, ಆಮೇಲೆ ಅಸಲು ಒಮ್ಮೆಗೇ ತೀರಿಸಿದರು. ಬಡ್ಡಿಯೇ 42,000 ಆಯಿತು. ಆ ಹೊತ್ತಿಗೆ ಅವರ ಕಪಾಟಿನಲ್ಲಿ ಆರು ತೊಲ ಬಂಗಾರ ಇತ್ತು. ಅದನ್ನು ಬ್ಯಾಂಕಿನಲ್ಲಿಟ್ಟಿದ್ದರೆ ಸಾಲದ ಬಹುಪಾಲು ಅರ್ಧಕ್ಕಿಂತ ಕಡಿಮೆ ಬಡ್ಡಿಗೆ ಸಿಗುತ್ತಿತ್ತು. ಸೊಸೆಯ ಮೈಮೇಲಿನ ಬಂಗಾರ ಅಡವಿಟ್ಟು ಅವಳನ್ನೇ ಪರದೇಶಕ್ಕೆ ಕಳಿಸಿದರು ಎಂದು ಜನ ಆಡಿಕೊಳ್ಳುತ್ತಾರೆಂಬ ಅಂಜಿಕೆಯಿಂದ ಮನೆಯವರು ಒಪ್ಪಲಿಲ್ಲ. ಮೂವತ್ತು ವರ್ಷ ಬ್ಯಾಂಕಿನ ಮೇಜಿನ ಹಿಂದೆ ಕುಳಿತವನಾಗಿ ಹೇಳುತ್ತೇನೆ, ಈ ಅಂಜಿಕೆಗೆ ನಮ್ಮ ಮನೆಗಳು ತೆತ್ತಿರುವ ಬಡ್ಡಿ ಬಹಳ ದೊಡ್ಡದು.

ಒಂದು ವಿಷಯದಲ್ಲಿ ಮಾತ್ರ ಅದೃಷ್ಟ ಅವರ ಕಡೆಗಿತ್ತು. ಅಲ್ಲಿನ ಭಾರತೀಯ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಅವರು ಹೋದದ್ದು ನಮ್ಮ ಹಣಕಾಸು ವರ್ಷದ ಆರಂಭದಲ್ಲಿಯೇ ಆಯಿತು. ನೌಕರಿಗಾಗಿ ಹೊರಟ ಭಾರತೀಯರು ಆ ಹಣಕಾಸು ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಇಲ್ಲಿದ್ದರೆ ತೆರಿಗೆಯ ಲೆಕ್ಕಕ್ಕೆ ನಿವಾಸಿಗಳೇ ಆಗುತ್ತಾರೆ, ಅಲ್ಲಿ ದುಡಿದ ಸಂಬಳಕ್ಕೂ ಇಲ್ಲಿ ತೆರಿಗೆ ಲೆಕ್ಕ ಹಾಕಬೇಕಾಗುತ್ತದೆ. ದಸರೆ ಕಳೆದು ಹೊರಡುವವರು ಇದನ್ನು ಮರೆಯುತ್ತಾರೆ.

ಮೊದಲ ಎರಡು ವರ್ಷ

ಶಾರ್ಜಾದಲ್ಲಿ ಅವರು ಇನ್ನಿಬ್ಬರು ಶಿಕ್ಷಕಿಯರ ಜೊತೆ ಒಂದು ಕೋಣೆ ಹಂಚಿಕೊಂಡರು. ದುಬೈಗೆ ಹೋಲಿಸಿದರೆ ಶಾರ್ಜಾದಲ್ಲಿ ಬಾಡಿಗೆ ಕಡಿಮೆ. ಅದಕ್ಕಾಗಿಯೇ ದುಬೈಯಲ್ಲಿ ಕೆಲಸ ಮಾಡುವ ಎಷ್ಟೋ ಜನ ಶಾರ್ಜಾದಲ್ಲಿ ಮನೆ ಮಾಡಿ ದಿನಾ ಗಂಟೆಗಟ್ಟಲೆ ವಾಹನದ ಸಾಲಿನಲ್ಲಿ ಕೂರುತ್ತಾರೆ. ಇವರ ಶಾಲೆ ಶಾರ್ಜಾದಲ್ಲೇ ಇದ್ದುದರಿಂದ, ಶಾಲೆಯ ಬಸ್ಸಿನಲ್ಲಿಯೇ ಹೋಗಿಬರುತ್ತಿದ್ದುದರಿಂದ ಆ ಖರ್ಚು ತಪ್ಪಿತು. ಪುಸ್ತಕದಲ್ಲಿ ಬರೆದಿಟ್ಟ ಮೊದಲ ವರ್ಷದ ಸಾಮಾನ್ಯ ತಿಂಗಳು ಹೀಗಿದೆ: ಬಾಡಿಗೆಯ ಪಾಲು 850 ದಿರ್ಹಮ್, ನೀರು ಮತ್ತು ಕರೆಂಟು 80, ಊಟ 450, ಫೋನು ಮತ್ತು ಇಂಟರ್ನೆಟ್ 130, ರಜೆದಿನದ ಓಡಾಟ 100, ಔಷಧ ಬಟ್ಟೆ ಇತ್ಯಾದಿ 150, ಊರಿಗೆ ಹಣ ಕಳಿಸುವಾಗ ಎಕ್ಸ್‌ಚೇಂಜ್‌ನವರು ಹಿಡಿಯುವ ಶುಲ್ಕ 20. ಒಟ್ಟು 1,780. ಕೈಯಲ್ಲಿ ಉಳಿಯುತ್ತಿದ್ದುದು 1,820 ದಿರ್ಹಮ್, ಆಗಿನ ದರಕ್ಕೆ 32,760 ರೂಪಾಯಿ. ಮನೆಯವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ 64,800ರ ಅರ್ಧ ಅದು. ಬೀದರ್‌ನಲ್ಲಿ ಅವರ 22,000 ರೂಪಾಯಿಯಿಂದ ನಡೆಯುತ್ತಿದ್ದ ಮನೆಖರ್ಚು ಅವರು ಹೋದ ಮೇಲೆ ನಿಲ್ಲಲಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಬೇಕು.

ಊಟಕ್ಕೆ 450 ದಿರ್ಹಮ್‌ನಲ್ಲಿ ಸಾಗಿಸಿದ್ದು ಸಣ್ಣ ಮಾತಲ್ಲ. ಪ್ರತಿ ಬೇಸಿಗೆ ರಜೆಗೆ ಬಂದು ಮರಳುವಾಗ ಅವರ ಅತ್ತೆ ಸ್ಟೀಲ್ ಡಬ್ಬಿಯಲ್ಲಿ ಕಡಕ್ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಖಾಲಿ ಬಿಡದಂತೆ ಸುತ್ತಲೂ ಹತ್ತಿಯ ಬಟ್ಟೆ ತುರುಕಿ, ಮುಚ್ಚಳಕ್ಕೆ ಟೇಪು ಸುತ್ತುತ್ತಿದ್ದರು. ಪಕ್ಕದಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿಯ ಪೊಟ್ಟಣಗಳು, ಐದು ಕಿಲೋ ತೊಗರಿ ಬೇಳೆ. ನಾನು ಒಮ್ಮೆ ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಬಿಡಲು ಹೋಗಿದ್ದಾಗ ಪೆಟ್ಟಿಗೆ ತೂಕದಲ್ಲಿ ಎರಡು ಕಿಲೋ ಹೆಚ್ಚಾಯಿತು. ಅವರು ಅಲ್ಲೇ ನೆಲದ ಮೇಲೆ ಕುಳಿತು ಬೇಳೆಯ ಚೀಲ ಬಿಟ್ಟು ಎರಡು ಸೀರೆ ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೆಳಗಿನ ಆತುರದಲ್ಲಿ ಅದೇ ಅವರ ನಾಷ್ಟಾ.

ಇಷ್ಟು ಬಿಗಿ ಹಿಡಿದು ಎರಡು ವರ್ಷದಲ್ಲಿ, ಅಂದರೆ 2020ರ ಮಾರ್ಚ್‌ವರೆಗೆ, ಅವರು ಊರಿಗೆ ಕಳಿಸಿದ್ದು ಸುಮಾರು 7,60,000 ರೂಪಾಯಿ. ಅದರಲ್ಲಿ ಸಾಲ ಮತ್ತು ಬಡ್ಡಿಗೆ 1,92,000, ತಿಂಗಳಿಗೆ 12,000ದಂತೆ ಮನೆಖರ್ಚಿಗೆ 2,88,000, ನಾದಿನಿಯ ಮದುವೆಗೆ 1,40,000, ಮಾವನ ಹೆಸರಿನಲ್ಲಿರುವ ಮನೆಗೆ ಸ್ಲ್ಯಾಬ್ ಹಾಕಿಸಲು 1,15,000 ಹೋಯಿತು. ಉಳಿದದ್ದು 25,000. ಇವುಗಳಲ್ಲಿ ಯಾವುದೂ ದುಂದುವೆಚ್ಚವಲ್ಲ. ಎಲ್ಲವೂ ಮನೆಯ ಅಗತ್ಯಗಳೇ, ಅವರೂ ಸಂತೋಷದಿಂದಲೇ ಕೊಟ್ಟರು. ಆದರೆ ಊರಿನಲ್ಲಿ ಎಲ್ಲರೂ ಅವರ ಬಗ್ಗೆ ಹೇಳುತ್ತಿದ್ದ ಮಾತು, ‘ಅಕ್ಕೋರು ಏಳೆಂಟು ಲಕ್ಷ ಉಳಿಸ್ಯಾರ’ ಎಂಬುದು. ಕಳಿಸಿದ್ದನ್ನೇ ಉಳಿಸಿದ್ದೆಂದು ಎಣಿಸುವ ಈ ತಪ್ಪನ್ನು ಅವರ ಮನೆಯವರೂ ಮಾಡಿದರು, ಅವರೂ ಮಾಡಿದರು.

ಸಂಬಳ ಕಡಿತ ಮತ್ತು ಹೊಸ ಲೆಕ್ಕ

2020ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕೋವಿಡ್ ಕಾರಣಕ್ಕೆ ಅವರ ಶಾಲೆ ಸಂಬಳದಲ್ಲಿ ಕಾಲುಭಾಗ ಕಡಿಮೆ ಮಾಡಿತು. ಆ ಹೊತ್ತಿಗೆ ಸಂಬಳ 3,800 ಆಗಿತ್ತು, ಕೈಗೆ ಬಂದದ್ದು 2,850. ಕೋಣೆಯ ಜೊತೆಗಾರ್ತಿಯೊಬ್ಬರು ಕೆಲಸ ಹೋಗಿ ಊರಿಗೆ ಮರಳಿದ್ದರಿಂದ ಬಾಡಿಗೆಯ ಪಾಲು 850ರಿಂದ 1,275ಕ್ಕೆ ಏರಿತು. ಶಿಕ್ಷಕಿಯರು ಹತ್ತು ಜನ ಸೇರಿ ತಿಂಗಳಿಗೆ 500 ದಿರ್ಹಮ್‌ನ ಭಿಶಿ, ಅಂದರೆ ಸರದಿಯ ಚೀಟಿ, ಹಾಕಿಕೊಂಡಿದ್ದರು. ಮೊದಲೇ ಹಣ ಎತ್ತಿದ್ದ ಇಬ್ಬರು ದೇಶ ಬಿಟ್ಟು ಹೋದರು, ಕೊನೆಯ ಸರದಿಯವರಾಗಿದ್ದ ಇವರಿಗೆ 1,000 ದಿರ್ಹಮ್ ಬರಲೇ ಇಲ್ಲ. ಊರಿನ ಓಣಿಯಲ್ಲಿ ಭಿಶಿ ನಡೆಯುವುದು ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿರುವ ಕಾರಣಕ್ಕೆ. ವೀಸಾ ಮುಗಿದರೆ ಹೊರಟು ಹೋಗುವವರ ನಡುವೆ ಅದಕ್ಕೆ ಆಧಾರವೇ ಇರುವುದಿಲ್ಲ.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ನನಗೆ ಫೋನು ಮಾಡಿದರು. ‘ಕಾಕಾ, ಎರಡೂವರಿ ವರ್ಷ ಆಯ್ತು. ನನ್ನ ಹೆಸರಿಲೆ ಏನದ ಅಂತ ನೋಡಿದ್ರ ಏನೂ ಇಲ್ಲ’ ಎಂದರು. ಪುಸ್ತಕದ ಪುಟಗಳ ಫೋಟೋ ಕಳಿಸೆಂದು ಹೇಳಿದೆ. ಇಪ್ಪತ್ತೆಂಟು ಪುಟ ಬಂದವು, ಗಣಿತದ ಶಿಕ್ಷಕಿಯ ಅಚ್ಚುಕಟ್ಟಾದ ಅಂಕಿಗಳು. ಎಡಗಡೆ ‘ಬಂದದ್ದು’, ಬಲಗಡೆ ‘ಕಳಿಸಿದ್ದು’ ಎಂದು ಎರಡೇ ಸಾಲು ಇದ್ದವು. ‘ನೋಡವ್ವ, ಇದಕ್ಕ ಮೂರನೇ ಸಾಲು ಹಾಕು, ಉಳಿದದ್ದು ಅಂತ ಬರಿ’ ಎಂದೆ. ನಾನು ಹೇಳಿದ ಸಲಹೆಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೊಂದೇ ಎಂದು ಈಗ ಅನಿಸುತ್ತದೆ.

ಖಾತೆಗಳನ್ನು ನೋಡಿದರೆ ಅಲ್ಲೂ ತೊಡಕಿತ್ತು. ಹೋಗುವ ಮುಂಚಿನ ಸಾಮಾನ್ಯ ಉಳಿತಾಯ ಖಾತೆಗೇ, ಅದೂ ಗಂಡನ ಜೊತೆಗಿನ ಜಂಟಿ ಖಾತೆಗೆ, ಅವರು ಹಣ ಕಳಿಸುತ್ತಿದ್ದರು. ಅನಿವಾಸಿಯಾದ ಮೇಲೆ ಅಂಥ ಖಾತೆಯನ್ನು ಅನಿವಾಸಿಗಳ ಇಲ್ಲಿನ ಆದಾಯಕ್ಕಿರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಲೇಬೇಕು. ವಿದೇಶದ ದುಡಿಮೆಯನ್ನು ಇಡಲು ಎನ್‌ಆರ್‌ಇ ಖಾತೆ ಬೇರೆ ತೆರೆಯಬೇಕು. ಎನ್‌ಆರ್‌ಒ ಠೇವಣಿಯ ಬಡ್ಡಿಯ ಮೇಲೆ ಬ್ಯಾಂಕು ನೂರಕ್ಕೆ ಮೂವತ್ತು ಮತ್ತು ಅದರ ಮೇಲಿನ ಸೆಸ್ ಕಡಿತ ಮಾಡುತ್ತದೆ, ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಅನಿವಾಸಿಯಾಗಿರುವವರೆಗೆ ಇಲ್ಲಿ ತೆರಿಗೆ ಇಲ್ಲ. ಅದರಲ್ಲಿಟ್ಟ ಹಣವನ್ನು ಬೇಕಾದಾಗ ಮರಳಿ ವಿದೇಶಕ್ಕೆ ಒಯ್ಯಲೂಬಹುದು. ಒಂದು ವರ್ಷದೊಳಗೆ ಮುರಿದರೆ ಮಾತ್ರ ಬಡ್ಡಿ ಸಿಗುವುದಿಲ್ಲ. ಅವರ ಹೆಸರಿನಲ್ಲಿ 2012ರಲ್ಲಿ ತೆರೆದ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಯೊಂದು ಹಾಗೇ ಬಿದ್ದಿತ್ತು. ಅನಿವಾಸಿಗಳು ಹೊಸ ಪಿಪಿಎಫ್ ತೆರೆಯುವಂತಿಲ್ಲ, ಆದರೆ ಮೊದಲೇ ಇದ್ದದ್ದನ್ನು ಅವಧಿ ಮುಗಿಯುವವರೆಗೆ ನಡೆಸಬಹುದು. ಬಾಕಿ ಕಂತು, ದಂಡ ಕಟ್ಟಿಸಿ ಅದಕ್ಕೆ ಜೀವ ತುಂಬಿದೆವು. ಆಮೇಲೆ ವರ್ಷಕ್ಕೆ ಕನಿಷ್ಠ 500 ರೂಪಾಯಿ ತಪ್ಪಲಿಲ್ಲ.

ಅಕ್ಟೋಬರ್‌ನಲ್ಲಿ ಸಂಬಳ ಮತ್ತೆ ಪೂರ್ತಿ ಸಿಗುತ್ತಿತ್ತು, ಬೇಗನೆ 4,000 ಆಯಿತು. ಆಗಿನಿಂದ ಸಂಬಳದ ದಿನವೇ 1,100 ದಿರ್ಹಮ್ ಅವರ ಒಬ್ಬರ ಎನ್‌ಆರ್‌ಇ ಖಾತೆಗೆ, ಆಮೇಲೆ 900 ಬೀದರ್‌ನ ಮನೆಗೆ, ಮಿಕ್ಕದ್ದರಲ್ಲಿ ಶಾರ್ಜಾದ ತಿಂಗಳು ಎಂದು ಕ್ರಮ ಬದಲಾಯಿತು. ಮನೆಗೆ ಹೋಗುವ ಹಣ ಹೆಚ್ಚುಕಡಿಮೆ 18,000 ರೂಪಾಯಿ; ಮೊದಲಿನ ಹಾಗೆ ಕೈಗೆ ಸಿಕ್ಕಷ್ಟಲ್ಲ, ಗೊತ್ತಾದ ಮೊತ್ತ. ಗಂಡನಿಗೆ ಇದು ಮೊದಲು ಬಹಳ ನೋವಾಯಿತು. ನಾನೇ ಬೀದರ್‌ಗೆ ಹೋಗಿ ಅವರ ಮುಂದೆ ಮೂರು ಸಾಲಿನ ಪುಸ್ತಕ ಇಟ್ಟು ಮಾತಾಡಿದೆ. ಹೆಂಡತಿ ಮರಳಿ ಬಂದ ಮೇಲೆ ಮನೆ ಯಾವುದರ ಮೇಲೆ ನಡೆಯುತ್ತದೆ ಎಂಬ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಜಂಟಿ ಖಾತೆಯ ಬದಲಾವಣೆಯ ಅರ್ಜಿಗೆ ಸಹಿ ಹಾಕಿದರು. 2022ರ ಮಾರ್ಚ್‌ವರೆಗಿನ ಹದಿನೆಂಟು ತಿಂಗಳಲ್ಲಿ ಅವರ ಹೆಸರಿನಲ್ಲಿ ಕೂಡಿದ್ದು ಸುಮಾರು ನಾಲ್ಕು ಲಕ್ಷ ರೂಪಾಯಿ.

ಮಗನನ್ನು ಕರೆಸಿಕೊಂಡ ವರ್ಷಗಳು

2022ರಲ್ಲಿ ಸಂಬಳ 4,500 ಆಯಿತು, ಮೂಲ ವೇತನ 2,400. ಕುಟುಂಬದವರಿಗೆ ವೀಸಾ ಕೊಡಿಸಲು ಯುಎಇಯಲ್ಲಿ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ಸಂಬಳ ಮತ್ತು ವಸತಿ ಇರಬೇಕೆಂಬ ನಿಯಮವಿದೆ. ಅದನ್ನು ಅವರು ದಾಟಿದ್ದರು. ಹತ್ತು ವರ್ಷದ ಮಗ ಫೋನಿನಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದ್ದ. ಕರೆಸಿಕೊಳ್ಳಲೇ ಎಂದು ಕೇಳಿದಾಗ ನಾನು ಲೆಕ್ಕ ಹಾಕಿ, ಬೇಡವೆಂದೆ. ಹಂಚಿಕೊಂಡ ಕೋಣೆ ಬಿಟ್ಟು ಸ್ಟುಡಿಯೋ ಮನೆ ಹಿಡಿಯಬೇಕು, ವರ್ಷಕ್ಕೆ 17,000 ದಿರ್ಹಮ್. ಅಲ್ಲಿ ಬಾಡಿಗೆಯನ್ನು ತಿಂಗಳು ತಿಂಗಳು ಕೊಡುವ ರೂಢಿ ಕಡಿಮೆ, ವರ್ಷದ ಬಾಡಿಗೆಗೆ ಮುಂದಿನ ದಿನಾಂಕದ ಚೆಕ್‌ಗಳನ್ನು ಮೊದಲೇ ಬರೆದುಕೊಡಬೇಕು. ಇವರಿಗೆ 4,250ರ ನಾಲ್ಕು ಚೆಕ್ ಆಯಿತು. ಹಣವಿಲ್ಲದೆ ಚೆಕ್ ಮರಳಿದರೆ ಹಿಂದೆ ನೇರವಾಗಿ ಅಪರಾಧ ಮೊಕದ್ದಮೆಯೇ ಆಗುತ್ತಿತ್ತು. 2022ರ ಜನವರಿಯಿಂದ ಆ ಕಾನೂನು ಸಡಿಲವಾದರೂ ಚೆಕ್ ಹಿಡಿದವರು ನ್ಯಾಯಾಲಯದ ಮೂಲಕ ವಸೂಲಿಗೆ ಹೋಗಬಹುದು.

ಮೊದಲ ಚೆಕ್, 1,000 ಠೇವಣಿ, ಹಳೆಯ ಮಂಚ ಮತ್ತು ಫ್ರಿಜ್‌ಗೆ 1,100, ಮಗನ ವೀಸಾ ಇತ್ಯಾದಿಗೆ 1,000. ಒಂದೇ ತಿಂಗಳಲ್ಲಿ 7,350 ದಿರ್ಹಮ್ ಬೇಕಾಯಿತು. ಎನ್‌ಆರ್‌ಇ ಖಾತೆಯಿಂದ 3,000 ದಿರ್ಹಮ್‌ನಷ್ಟು, ಅಂದರೆ ಸುಮಾರು 62,000 ರೂಪಾಯಿ, ಹಿಂದಕ್ಕೆ ತರಿಸಿಕೊಂಡರು. ಆಮೇಲಿನ ತಿಂಗಳುಗಳಲ್ಲಿ ಖರ್ಚು 3,350ರ ಹತ್ತಿರ ನಿಂತಿತು. ಶಾಲೆ ಸಿಬ್ಬಂದಿಯ ಮಕ್ಕಳಿಗೆ ಅರ್ಧ ಶುಲ್ಕ ಬಿಟ್ಟದ್ದರಿಂದ ಇಷ್ಟಕ್ಕೆ ಮುಗಿಯಿತು. ಶಾರ್ಜಾದಲ್ಲಿ ಆಗ ಆರೋಗ್ಯ ವಿಮೆ ಕಡ್ಡಾಯವಿರಲಿಲ್ಲ, ನೌಕರರಿಗೆ ಅದು ಬಂದದ್ದು 2025ರಲ್ಲಿ. ಮಗನಿಗೆ ವಿಮೆ ಮಾಡಿಸದೆ ಎರಡು ವರ್ಷ ಕಳೆದರು. ಆ ಎರಡು ವರ್ಷದಲ್ಲಿ ದೊಡ್ಡ ಕಾಯಿಲೆ ಬರಲಿಲ್ಲ, ಬಂದಿದ್ದರೆ ಕೂಡಿಟ್ಟದ್ದರಲ್ಲಿ ಬಹುಪಾಲು ಹೋಗುತ್ತಿತ್ತು. ಇದನ್ನು ಉಳಿತಾಯವೆಂದು ನಾನು ಕರೆಯುವುದಿಲ್ಲ.

ಉಳಿದದ್ದು ತಿಂಗಳಿಗೆ 1,150. ಅದರಲ್ಲಿ 600 ಅವರ ಖಾತೆಗೆ, 550 ಮನೆಗೆ. ಇಪ್ಪತ್ತನಾಲ್ಕು ತಿಂಗಳಲ್ಲಿ ಅವರ ಖಾತೆಗೆ ಸೇರಿದ್ದು ಸುಮಾರು 3,17,000 ರೂಪಾಯಿ. ಒಬ್ಬರೇ ಇದ್ದಿದ್ದರೆ ಇದರ ಎರಡು ಪಟ್ಟಿಗಿಂತ ಹೆಚ್ಚು ಆಗುತ್ತಿತ್ತು. ಆದರೆ ಮಗ ಬಂದ ಮೇಲೆ ಅವರು ಕಳಿಸುತ್ತಿದ್ದ ಪುಟಗಳಲ್ಲಿ ಅಂಕಿಗಳ ಪಕ್ಕ ಹುಡುಗನ ಕೈಬರಹದ ಕೂಡಿಕೆಗಳೂ ಕಾಣತೊಡಗಿದವು. ಬೇಡವೆಂದ ನನ್ನ ಸಲಹೆ ತಪ್ಪಾಗಿತ್ತು. ನಾಲ್ಕು ವರ್ಷ ತಾಯಿಯನ್ನು ಬಿಟ್ಟಿದ್ದ ಮಗುವಿನ ಖರ್ಚನ್ನು ನಾನು ಬಾಡಿಗೆಯ ಸಾಲಿನಲ್ಲಿ ಬರೆದು ನೋಡಿದ್ದೆ.

ಮರಳುವಾಗಿನ ಲೆಕ್ಕ

ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ವೇತನ. ಆರು ವರ್ಷಕ್ಕೆ 135 ದಿನ. ತಾವಾಗಿ ರಾಜೀನಾಮೆ ಕೊಟ್ಟವರಿಗೆ ಮೊದಲು ಇದರಲ್ಲಿ ಕಡಿತವಾಗುವ ಸಂದರ್ಭಗಳಿದ್ದವು. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನು ಅದನ್ನು ತೆಗೆದುಹಾಕಿತು. ಆದರೆ ಲೆಕ್ಕ ಹಾಕುವುದು ಮೂಲ ವೇತನದ ಮೇಲೆ ಮಾತ್ರ. ಅವರ 2,400ಕ್ಕೆ ದಿನಕ್ಕೆ 80 ದಿರ್ಹಮ್, 135 ದಿನಕ್ಕೆ 10,800. ಪೂರ್ತಿ 4,500 ಮೂಲ ವೇತನವೇ ಆಗಿದ್ದರೆ 20,250 ಸಿಗುತ್ತಿತ್ತು. ಪತ್ರದ ಎರಡನೇ ಪುಟ ಓದದಿದ್ದುದರ ಬೆಲೆ ಇದು. ಸೇರುವ ದಿನವೇ ಭತ್ಯೆ ಕಡಿಮೆ ಮಾಡಿ ಮೂಲ ವೇತನ ಹೆಚ್ಚಿಸಿ ಎಂದು ಕೇಳಿದ್ದರೆ ಶಾಲೆ ಪೂರ್ತಿ ಒಪ್ಪುತ್ತಿರಲಿಲ್ಲ, ಆದರೆ ಇನ್ನೂರು ಮುನ್ನೂರು ದಿರ್ಹಮ್ ಆಚೀಚೆ ಆಗುವ ಸಾಧ್ಯತೆ ಖಂಡಿತ ಇತ್ತು.

ಮರಳುವಾಗ ದಿರ್ಹಮ್ ಬೆಲೆ 22 ರೂಪಾಯಿ ದಾಟಿ ಇಪ್ಪತ್ತೆರಡೂವರೆ ಮುಟ್ಟಿತ್ತು. ದಿರ್ಹಮ್ 1997ರಿಂದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿದ ನಾಣ್ಯ, ಆದ್ದರಿಂದ ಡಾಲರಿನ ಎದುರು ರೂಪಾಯಿ ಇಳಿದಷ್ಟೂ ಅಲ್ಲಿಂದ ಬರುವ ಹಣ ಇಲ್ಲಿ ಹೆಚ್ಚು ಕಾಣುತ್ತದೆ. ಹಾಗಾಗಿ ಗ್ರಾಚ್ಯುಟಿ 2,43,000 ರೂಪಾಯಿ ಆಯಿತು. ಎಲ್ಲ ಸೇರಿ ಅವರ ಹೆಸರಿನಲ್ಲಿ ನಿಂತದ್ದು 9,23,000 ರೂಪಾಯಿ, ಬಡ್ಡಿ ಬೇರೆ. ಆರು ವರ್ಷದಲ್ಲಿ ಊರಿಗೆ ಬಂದ ಸಂಬಳದ ಹಣ 21 ಲಕ್ಷಕ್ಕೂ ಹೆಚ್ಚು. ಮೊದಲ ಮೂವತ್ತು ತಿಂಗಳಲ್ಲಿ ಬಂದ ಎಂಟು ಲಕ್ಷ ಚಿಲ್ಲರೆಯಲ್ಲಿ ಉಳಿದದ್ದು 25,000. ಆಮೇಲಿನ ನಲವತ್ತೆರಡು ತಿಂಗಳಲ್ಲಿ ಬಂದ ಹದಿಮೂರು ಲಕ್ಷದಲ್ಲಿ ಅವರ ಖಾತೆ ಸೇರಿದ್ದು ಏಳು ಲಕ್ಷ ಚಿಲ್ಲರೆ. ಸಂಬಳ ಏರಿದ್ದು ಇದಕ್ಕೆ ಸ್ವಲ್ಪ ಕಾರಣ, ಸಂಬಳದ ದಿನದ ಕ್ರಮ ಬದಲಾದದ್ದು ಹೆಚ್ಚು ಕಾರಣ.

ಪುಸ್ತಕದಲ್ಲಿ ಇಲ್ಲದ ನಷ್ಟವೊಂದನ್ನು ಬರೆಯದಿದ್ದರೆ ಈ ಲೆಕ್ಕ ಪೂರ್ತಿಯಾಗುವುದಿಲ್ಲ. 2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ನಡೆಸಿತು. ಕಲ್ಯಾಣ ಕರ್ನಾಟಕದವರಿಗೆ 371ಜೆ ವಿಧಿಯ ಮೀಸಲಾತಿ ಇದೆ. ಅವರ ಜೊತೆ ಬೀದರ್‌ನಲ್ಲಿ ಕಲಿಸುತ್ತಿದ್ದ ಇಬ್ಬರು ಗೆಳತಿಯರು ಅದರಲ್ಲಿ ಆಯ್ಕೆಯಾದರು. ಇವರು ಆ ತಿಂಗಳು ಶಾರ್ಜಾದಲ್ಲಿ ಸ್ಟುಡಿಯೋ ಮನೆಗೆ ಸಾಮಾನು ಸಾಗಿಸುತ್ತಿದ್ದರು. ಪರೀಕ್ಷೆ ಬರೆದಿದ್ದರೆ ಆಯ್ಕೆಯಾಗುತ್ತಿದ್ದರೆಂದು ಯಾರೂ ಹೇಳಲಾರರು, ಆದರೆ ಒಂಬತ್ತು ಲಕ್ಷವನ್ನು ಅಳೆಯುವಾಗ ಅದನ್ನೂ ಎದುರಿಗೆ ಇಟ್ಟುಕೊಳ್ಳಬೇಕು.

2024ರ ಏಪ್ರಿಲ್‌ನಲ್ಲಿ ನಾವಿಬ್ಬರೂ ಬ್ಯಾಂಕಿಗೆ ಹೋಗಿ ಅವರು ಮರಳಿ ನಿವಾಸಿಯಾದ ವಿಷಯ ಬರೆದುಕೊಟ್ಟೆವು. ಎನ್‌ಆರ್‌ಇ ಠೇವಣಿಗಳು ಅವಧಿಯವರೆಗೆ ಅದೇ ದರದಲ್ಲಿ ನಿವಾಸಿ ಠೇವಣಿಗಳಾಗಿ ಮುಂದುವರಿದವು, ಇನ್ನು ಮುಂದಿನ ಬಡ್ಡಿಗೆ ತೆರಿಗೆ ಉಂಟು. ಈಗ ಅವರು ಬೀದರ್‌ನ ಇನ್ನೊಂದು ಶಾಲೆಯಲ್ಲಿ 30,000 ರೂಪಾಯಿಗೆ ಕಲಿಸುತ್ತಿದ್ದಾರೆ. ಪುಸ್ತಕದಲ್ಲಿ ಮೂರು ಸಾಲು ಮುಂದುವರಿದಿವೆ, ನಡುವಿನ ಸಾಲಿನ ತಲೆಬರಹ ಮಾತ್ರ ‘ಮನೆಗೆ ಕೊಟ್ಟದ್ದು’ ಎಂದು ಬದಲಾಗಿದೆ. 2012ರ ಆ ಪಿಪಿಎಫ್ ಖಾತೆಗೆ ಈಗ ತಿಂಗಳಿಗೆ 4,000 ರೂಪಾಯಿ ಕಟ್ಟುತ್ತಿದ್ದಾರೆ. ಅದರ ಅವಧಿ 2028ರ ಏಪ್ರಿಲ್‌ಗೆ ಮುಗಿಯುತ್ತದೆ, ಆಗ ಮಗ ಪಿಯುಸಿ ಮೆಟ್ಟಿಲಲ್ಲಿ ಇರುತ್ತಾನೆ.